ಲೈನ್ ಮನೆಗೆ ಬಂದ ವಲಸೆ ಕಾರ್ಮಿಕರ ಕಾಗದಪತ್ರ: ತೋಟದ ರೈಟರುಗಳಿಗೊಂದು ಕೈಪಿಡಿ

ಮೂಡಿಗೆರೆ, ಆಲ್ದೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ಅರೇಬಿಕಾ ಹಣ್ಣಾಗುವ ನವೆಂಬರಿನಿಂದ ಮೆಣಸಿನ ಕೊಯ್ಲು ಮುಗಿಯುವವರೆಗೆ, ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಗಳಲ್ಲಿ ಅಸ್ಸಾಂ, ಜಾರ್ಖಂಡ್, ಪಶ್ಚಿಮ ಬಂಗಾಳದ ಕುಟುಂಬಗಳಿರುತ್ತವೆ. ಅಸ್ಸಾಮಿನ ಬಂಗಾಳಿ ಮಾತಿನವರು ಬಂದಿಳಿದರೆ ಸಾಕು, ‘ಇವರು ಬಾಂಗ್ಲಾದವರಲ್ಲವೇ’ ಎಂಬ ಪ್ರಶ್ನೆ ಸಂತೆಯಲ್ಲಿ ಏಳುತ್ತದೆ. ಅದಕ್ಕೆ ತೀರ್ಪು ಕೊಡುವುದು ತೋಟದ ಹಾಜರಿ, ಲೆಕ್ಕ ಬರೆಯುವ ರೈಟರನ ಕೆಲಸವಲ್ಲ. ಯಾರು ಎಷ್ಟು ದಿನ ದುಡಿದರು, ಅವರಿಗೆ ಎಷ್ಟು ಸಲ್ಲಬೇಕು ಎಂಬ ದಾಖಲೆ ಮಾತ್ರ ನಮ್ಮ ಕೈಯಲ್ಲಿದೆ. ಅದನ್ನೇ ಮೊದಲು ಸರಿಮಾಡಬೇಕು.

ಹಾಜರಿ ಪುಸ್ತಕದಲ್ಲಿ ಪ್ರತಿಯೊಬ್ಬರ ಹೆಸರೂ ಪ್ರತ್ಯೇಕವಾಗಿರಬೇಕು. ಮೇಸ್ತ್ರಿಯ ಹೆಸರಿನಡಿ ಇಪ್ಪತ್ತು ಜನರನ್ನು, ಗಂಡನ ಹೆಸರಿನಡಿ ಹೆಂಡತಿಯನ್ನು ಸೇರಿಸುವುದು ನಮ್ಮಲ್ಲಿ ಹಳೆಯ ರೂಢಿ. ಲೆಕ್ಕ ತಪ್ಪಿದಾಗ ಮೊದಲು ಕಾಣೆಯಾಗುವುದು ಆ ಹೆಂಗಸಿನ ಕೂಲಿಯೇ. ಕೊಯ್ದ ಹಣ್ಣಿನ ಕೆ.ಜಿ. ತೂಕವನ್ನು ಅಂದೇ ಚೀಟಿಯಲ್ಲಿ ಬರೆದು ಕೊಡಿ, ಮುಂಗಡವನ್ನು ಎಷ್ಟೆಷ್ಟು ಹಿಡಿದಿರೆಂದು ಅದರಲ್ಲೇ ತೋರಿಸಿ, ಕೂಲಿಯನ್ನು ಮೇಸ್ತ್ರಿಯ ಕೈಗೆ ಕೊಡದೆ ಕಾರ್ಮಿಕರ ಖಾತೆಗೇ ಹಾಕಿ. ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ, ದೆಹಲಿಯ ಏಷ್ಯನ್ ಕ್ರೀಡಾಕೂಟದ (ಏಷ್ಯಾಡ್) ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ, ಹೇಳಿದೆ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಗುತ್ತಿಗೆದಾರನ ಮೂಲಕ ಬಂದವರನ್ನಷ್ಟೇ ಲೆಕ್ಕಕ್ಕೆ ಹಿಡಿದಿತ್ತು. ಅದರ ಜಾಗಕ್ಕೆ ಬಂದ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯು ತಾವಾಗಿಯೇ ಬಂದು ಕೆಲಸ ಹಿಡಿದು, ತಿಂಗಳಿಗೆ 18,000 ರೂಪಾಯಿ ಮೀರದ ಕೂಲಿ ಪಡೆಯುವವರನ್ನೂ ವಲಸೆ ಕಾರ್ಮಿಕರೆಂದೇ ಎಣಿಸುತ್ತದೆ. ‘ಅವರಾಗಿಯೇ ಬಂದವರು, ನಮಗೆ ಸಂಬಂಧವಿಲ್ಲ’ ಎಂಬ ಮಾತು ಇನ್ನು ನಡೆಯದು.

ಗುರುತಿನ ಕಾಗದಗಳ ನಕಲು ಮಾತ್ರ ಇಟ್ಟುಕೊಂಡು ಮೂಲಪ್ರತಿಗಳನ್ನು ಅಲ್ಲೇ ಹಿಂದಿರುಗಿಸಿ. ರೈಟರಾಗಿದ್ದ ಮೊದಲ ವರ್ಷ ‘ಭದ್ರವಾಗಿರಲಿ’ ಎಂದು ಒಂದು ಗುಂಪಿನ ಮೂಲ ಕಾಗದಗಳನ್ನೆಲ್ಲ ನಾನೇ ಆಫೀಸಿನ ಬೀರುವಿನಲ್ಲಿ ಇಟ್ಟಿದ್ದೆ. ಆಷಾಢದ ಮಳೆಗೆ ಹೆಂಚು ಸೋರಿ ಅರ್ಧದಷ್ಟು ಹಾಳಾದವು. ಬ್ರಹ್ಮಪುತ್ರದ ಕೊರೆತಕ್ಕೆ ಮನೆಯನ್ನೇ ಕಳೆದುಕೊಂಡು ಉಳಿಸಿಕೊಂಡಿದ್ದ ಕಾಗದಗಳವು.

ಹೆಸರಿನ ಕಾಗುಣಿತದ ಬಗ್ಗೆ ಹೆಚ್ಚಿನ ಎಚ್ಚರ ಬೇಕು. ಭಾರತೀಯ ಪೌರರ ಪಟ್ಟಿಯಾದ ಅಸ್ಸಾಮಿನ ರಾಷ್ಟ್ರೀಯ ಪೌರತ್ವ ನೋಂದಣಿಗೆ (ಎನ್‌ಆರ್‌ಸಿ) ಸೇರಲು 1951ರ ನೋಂದಣಿಯಲ್ಲೋ 1971ರ ಮಾರ್ಚ್ 24ರವರೆಗಿನ ಮತದಾರರ ಪಟ್ಟಿಯಂಥ ದಾಖಲೆಯಲ್ಲೋ ಇರುವ ಹಿರಿಯರ ಹೆಸರಿಗೆ ತಮ್ಮ ಕೊಂಡಿಯನ್ನು ತೋರಿಸಬೇಕಾಗಿತ್ತು. 2019ರ ಆಗಸ್ಟ್ 31ರ ಅಂತಿಮ ಪಟ್ಟಿಯಿಂದ 19,06,657 ಜನ ಹೊರಗುಳಿದರು. ಹೊರಗುಳಿದ ಮಾತ್ರಕ್ಕೆ ಯಾರೂ ವಿದೇಶಿಯಾಗುವುದಿಲ್ಲ. ಅದನ್ನು ವಿಚಾರಿಸುವುದು ಅಲ್ಲಿನ ವಿದೇಶಿಯರ ನ್ಯಾಯಮಂಡಳಿ. ಆದರೆ ತಂದೆಯ ಹೆಸರಿನ ಒಂದಕ್ಷರ ಒಂದೊಂದು ಕಾಗದದಲ್ಲಿ ಒಂದೊಂದು ರೀತಿ ಇದ್ದರೆ ಅಲ್ಲಿ ಅದೇ ದೊಡ್ಡ ತೊಡಕು. ಇಲ್ಲಿನ ಸೇವಾ ಕೇಂದ್ರದಲ್ಲಿ ಆಧಾರ್ ತಿದ್ದಿಸುವಾಗ ಕಂಪ್ಯೂಟರಿನ ಮುಂದೆ ಕುಳಿತವರು ತಮ್ಮ ಕಿವಿಗೆ ಕೇಳಿದಂತೆ ಹೆಸರು ಬರೆದರೆ, ಕನ್ನಡದ ‘ಹುಸೇನ್’ ಊರಿನ ದಾಖಲೆಯ ‘ಹೊಸೈನ್’ಗೆ ಸೇರುವುದಿಲ್ಲ. ಆಧಾರ್‌ನಲ್ಲಿ ಹೆಸರನ್ನು ಎರಡೇ ಬಾರಿ, ಜನ್ಮದಿನಾಂಕವನ್ನು ಒಂದೇ ಬಾರಿ ಬದಲಿಸಬಹುದಾದ್ದರಿಂದ, ಊರಿನಿಂದ ಹಳೆಯ ಕಾಗದದ ಫೋಟೊ ತರಿಸಿ ಅಕ್ಷರಕ್ಕೆ ಅಕ್ಷರ ಹೋಲಿಸಿದ ಮೇಲಷ್ಟೇ ಅರ್ಜಿ ಕೊಡಿಸಿ. ಇಷ್ಟಾದರೂ ಆಧಾರ್ ಪೌರತ್ವದ ಪುರಾವೆಯಲ್ಲ. 2016ರ ಕಾಯ್ದೆಯೇ ಹಾಗೆ ಹೇಳುತ್ತದೆ.

ಪಡಿತರ ಚೀಟಿ ಊರಿನಲ್ಲೇ ಇದ್ದರೂ, ಅದಕ್ಕೆ ಆಧಾರ್ ಜೋಡಣೆಯಾಗಿದ್ದರೆ, ಕೇಂದ್ರದ ಪಾಲಿನ ಧಾನ್ಯವನ್ನು ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ಪಡೆಯಬಹುದು. ಊರಿನಲ್ಲಿ ಉಳಿದವರ ಪಾಲು ಅಲ್ಲೇ ಸಿಗುತ್ತದೆ. ಭವಿಷ್ಯನಿಧಿಗೆ ಸೇರದ, 16ರಿಂದ 59 ವರ್ಷದೊಳಗಿನವರನ್ನು ಅಸಂಘಟಿತ ಕಾರ್ಮಿಕರಿಗಾಗಿ ಕೇಂದ್ರ ಸರ್ಕಾರ ನಡೆಸುವ ಇ-ಶ್ರಮ್‌ ಪೋರ್ಟಲ್‌ಗೆ ನೋಂದಾಯಿಸಿ. ಮಕ್ಕಳ ವಯಸ್ಸಿನ ದಾಖಲೆ ಇಲ್ಲವೆಂದು ಶಾಲೆಗೆ ಸೇರಿಸಿಕೊಳ್ಳದಿರಲು 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಅವಕಾಶವಿಲ್ಲ.

ಪೊಲೀಸರು ಪರಿಶೀಲನೆಗೆ ಪಟ್ಟಿ ಕೇಳಿದರೆ ನಕಲುಗಳೊಂದಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಯಾರನ್ನಾದರೂ ಬಂಧಿಸಿದರೆ ಕಾರಣ ತಿಳಿಸಿ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂಬ 22ನೇ ವಿಧಿಯ ರಕ್ಷಣೆ ಕೂಲಿಯವನಿಗೂ ಉಂಟು. ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಆಗ ಹಾಜರಿ ಪುಸ್ತಕ, ತೂಕದ ಚೀಟಿಗಳನ್ನೂ ಜೊತೆಗೆ ಒಯ್ಯಿರಿ. ಆ ಮನುಷ್ಯ ಇಷ್ಟು ದಿನದಿಂದ ಎಲ್ಲಿದ್ದು ಏನು ಮಾಡುತ್ತಿದ್ದನೆಂದು ಹೇಳುವ ಸಾಕ್ಷಿ ಅದು.

ಒಬ್ಬರು ನಿಜವಾಗಿಯೂ ವೀಸಾ ಇಲ್ಲದೆ ಗಡಿ ದಾಟಿ ಬಂದವರೆಂದು ನಿಮಗೆ ಖಚಿತವಾಗಿ ತಿಳಿದರೆ, 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆಯಡಿ ಅದು ಗಂಭೀರ ವಿಷಯ. ಮಾಲೀಕರೊಂದಿಗೆ ಕುಳಿತು ವಕೀಲರ ಸಲಹೆ ಪಡೆಯಿರಿ. ದುಡಿದ ದಿನಗಳ ಕೂಲಿಯನ್ನು ಮಾತ್ರ ಆ ಹೆಸರಿನಲ್ಲಿ ತಡೆಹಿಡಿಯಬೇಡಿ. ‘ಪೊಲೀಸರಿಗೆ ಹೇಳುತ್ತೇನೆ’ ಎಂದು ಹೆದರಿಸಿ ಬಾಕಿ ನುಂಗುವುದನ್ನು ನಮ್ಮ ಕಡೆ ಕೆಲವರು ಜಾಣತನವೆಂದು ತಿಳಿದಿದ್ದಾರೆ.

ಗುಂಪು ಊರಿಗೆ ಹೊರಡುವ ಹಿಂದಿನ ಸಂಜೆ ಲೆಕ್ಕ ಚುಕ್ತಾ ಮಾಡಿ, ಕೆಲಸ ಮಾಡಿದ ದಿನಾಂಕಗಳು, ಪಡೆದ ಮೊತ್ತ, ತೋಟದ ಮೊಹರು ಇರುವ ಒಂದು ಪತ್ರವನ್ನು ಪ್ರತಿಯೊಬ್ಬರ ಕೈಗೂ ಕೊಡಿ. ಅದರ ನಕಲನ್ನು ಮುಂದಿನ ಕೊಯ್ಲಿನವರೆಗೆ, ಸೋರದ ಕಡೆ, ನೀವು ಇಟ್ಟುಕೊಳ್ಳಿ.