ಹೆಸರಿಗಿಂತ ಮೊದಲು ಎಲೆ ನೋಡಿ: ವೀನಸ್ ಫ್ಲೈಟ್ರ್ಯಾಪ್ ತಳಿ ಗುರುತಿಸುವುದು

ವೀನಸ್ ಫ್ಲೈಟ್ರ್ಯಾಪ್ ಅಂದರೆ ಹುಳ ಹಿಡಿದು ತಿನ್ನುವ ಗಿಡ. ನನ್ನ ಮೊದಲ ಗಿಡದ ಜೊತೆ ‘ಅಕಾಯ್ ರ್ಯು’ ಅನ್ನೋ ತಳಿಯ ಚೀಟಿ ಬಂದಿತ್ತು. ಜಪಾನಿ ಭಾಷೆಯಲ್ಲಿ ಕೆಂಪು ಡ್ರ್ಯಾಗನ್ ಅಂತ ಅರ್ಥ. ಬುಡದಿಂದ ಹುಳ ಹಿಡಿಯುವ ಬೋನಿನವರೆಗೆ ಇಡೀ ಗಿಡ ಕಡುಗೆಂಪು ಇರಬೇಕು. ನನ್ನ ಕೈಗೆ ಸಿಕ್ಕಿದ್ದು ಮಾತ್ರ ಹಸಿರು ಗಿಡ. ಮೋಸ ಹೋದೆ ಅಂದುಕೊಂಡು ಚೀಟಿ ಬಿಸಾಡಿದೆ. ಆಮೇಲೆ ಕುಂಡವನ್ನು ಕಿಟಕಿಯ ಒಳಗಿನಿಂದ ತೆಗೆದು ಹೊರಗೆ ಬಿಸಿಲಿಗಿಟ್ಟೆ. ಹಳೆಯ ಎಲೆಗಳು ಹಸಿರಾಗಿಯೇ ಉಳಿದವು. ಹೊರಗೆ ಬಂದ ಮೇಲೆ ಹುಟ್ಟಿದ ನಾಲ್ಕನೆಯ ಎಲೆ ತೊಟ್ಟಿನಿಂದಲೇ ಕೆಂಪಾಗಿತ್ತು.

ಅವತ್ತಿನಿಂದ ನಾನು ಒಂದು ಎಲೆ ನೋಡಿ ತಳಿ ಹೇಳುವುದನ್ನು ಬಿಟ್ಟೆ.

ಮೊದಲು ಎಲೆ ಅಂದರೆ ಯಾವುದು ಅಂತ ನೋಡೋಣ. ಬೋನಷ್ಟೇ ಎಲೆಯಲ್ಲ. ಕೆಳಗಿನ ಅಗಲವಾದ ಹಸಿರು ಭಾಗ ತೊಟ್ಟು, ಅದರ ತುದಿಯಲ್ಲಿರುವುದು ಬೋನು. ಎರಡೂ ಸೇರಿ ಒಂದು ಎಲೆ. ಎಲ್ಲ ಎಲೆಗಳೂ ಮಣ್ಣಿನೊಳಗಿನ ಒಂದು ಬಿಳಿ ಗಡ್ಡೆಯಿಂದ ಸುತ್ತಲೂ ಹೊರಡುತ್ತವೆ. ಹೊಸದು ಯಾವಾಗಲೂ ನಡುವಿನಿಂದಲೇ ಬರುತ್ತದೆ.

ಹೊಸ ಎಲೆ ಬರುವುದನ್ನು ದಿನಾ ನೋಡಿ, ತುಂಬಾ ಕಲಿಯುತ್ತೀರಿ. ಮೊದಲು ಅಕ್ಕಿಕಾಳಿನಷ್ಟು ಹಸಿರು ಮೊಗ್ಗು, ತಲೆ ಒಳಕ್ಕೆ ಬಗ್ಗಿಸಿಕೊಂಡಿರುತ್ತದೆ. ತೊಟ್ಟು ಉದ್ದವಾದಂತೆ ತಲೆ ಎತ್ತುತ್ತದೆ. ಬೋನಿನ ಎರಡು ಹೋಳುಗಳು ಮುಚ್ಚಿದ ಮುಷ್ಟಿಯಂತೆ ಅಂಟಿಕೊಂಡಿರುತ್ತವೆ, ಅಂಚಿನ ಹಲ್ಲುಗಳು ಒಳಕ್ಕೆ ಮಡಚಿಕೊಂಡಿರುತ್ತವೆ. ಆಮೇಲೆ ಹೋಳುಗಳು ಬಿಡಿಸಿಕೊಳ್ಳುತ್ತವೆ. ಹಲ್ಲುಗಳು ನೆಟ್ಟಗಾಗುವುದು ಕೊನೆಗೆ. ಒಳಗಿನ ಕೆಂಪು ಪೂರ್ತಿ ತುಂಬುವುದು ಅದಕ್ಕೂ ಆಮೇಲೆ. ಅರ್ಧ ಬಿಚ್ಚಿದ ಬೋನು ನೋಡಿ ‘ಇದು ಗಿಡ್ಡ ಹಲ್ಲಿನ ತಳಿ’ ಅಂತ ನಾನೂ ಒಮ್ಮೆ ಬರೆದಿಟ್ಟಿದ್ದೆ. ಐದು ದಿನ ಬಿಟ್ಟು ನೋಡಿದರೆ ಹಲ್ಲುಗಳು ಉದ್ದಕ್ಕೆ ಚಾಚಿದ್ದವು.

ಈಗ ಕೆಲಸಕ್ಕೆ ಬನ್ನಿ. ಕುಂಡಕ್ಕೆ ಪೀಟ್ (ಜೌಗು ನೆಲದ ಕೊಳೆತ ಪಾಚಿ) ಮತ್ತು ಪರ್ಲೈಟ್ (ಹಗುರವಾದ ಬಿಳಿ ಹರಳು) ಮಿಶ್ರಣ, ಗೊಬ್ಬರ ಬೇಡವೇ ಬೇಡ. ಮಳೆ ನೀರು, ಡಿಸ್ಟಿಲ್ಡ್ ನೀರು ಅಥವಾ ಲವಣ ತುಂಬಾ ಕಡಿಮೆ ಇರುವ ಆರ್‌ಓ ನೀರು ಮಾತ್ರ. ದಿನಕ್ಕೆ ಕನಿಷ್ಠ 5–6 ಗಂಟೆ ನೇರ ಬಿಸಿಲು. ಇಷ್ಟು ಸಿಗದ ಗಿಡ ತನ್ನ ನಿಜವಾದ ರೂಪ ತೋರಿಸುವುದೇ ಇಲ್ಲ. ಬೆಳಕು ಕಡಿಮೆಯಾದರೆ ತೊಟ್ಟು ಉದ್ದವಾಗಿ, ಅಗಲವಾಗಿ ಜೋತು ಬೀಳುತ್ತದೆ, ಬೋನು ಸಣ್ಣದಾಗುತ್ತದೆ, ಕೆಂಪು ಮಾಯವಾಗುತ್ತದೆ. ನೆರಳಲ್ಲಿದ್ದ ಗಿಡವನ್ನು ಒಂದೇ ಸಲ ಬಿಸಿಲಿಗಿಟ್ಟರೆ ಎಲೆ ಸುಡುತ್ತದೆ, ದಿನಕ್ಕಿಷ್ಟು ಅಂತ ರೂಢಿ ಮಾಡಿಸಿ.

ಹೊಸ ಎಲೆಯ ತೊಟ್ಟಿಗೆ ಬಣ್ಣದ ದಾರ ಸಡಿಲವಾಗಿ ಸುತ್ತಿ, ತಾರೀಕು ಬರೆದಿಡಿ. ಮುಂದಿನದಕ್ಕೆ ಬೇರೆ ಬಣ್ಣ. ಹೀಗೆ ಒಂದು ಪೂರ್ತಿ ವರ್ಷ. ವರ್ಷ ಯಾಕೆ ಅಂದರೆ ಎಲೆ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಚಳಿಯಿಂದ ಎದ್ದಾಗ ಬರುವ ಎಲೆಗಳ ತೊಟ್ಟು ಗಿಡ್ಡ, ಅಗಲ, ನೆಲಕ್ಕೆ ಅಂಟಿದಂತಿರುತ್ತದೆ. ಬೇಸಿಗೆಯಲ್ಲಿ ಎಷ್ಟೋ ಗಿಡಗಳು ತೆಳ್ಳನೆಯ ಉದ್ದ ತೊಟ್ಟು ಎತ್ತಿ ನಿಲ್ಲಿಸುತ್ತವೆ. ಚಳಿಗಾಲದಲ್ಲಿ ಮೂರ್ನಾಲ್ಕು ತಿಂಗಳು ನಿದ್ದೆ, ಆಗ ಬರುವುದು ಪುಟ್ಟ ಎಲೆಗಳು. ಅಮೆರಿಕದ ಉತ್ತರ ಮತ್ತು ದಕ್ಷಿಣ ಕ್ಯಾರೊಲಿನಾದ ಜೌಗು ನೆಲದಲ್ಲಿ ಹುಟ್ಟಿದ ಗಿಡಕ್ಕೆ ಈ ನಿದ್ದೆ ಬೇಕು. ಹೂದಂಟು ಬಂದಾಗಲೂ ಎಲೆ ಸೊರಗುತ್ತದೆ. ಬೀಜ ಬೇಡದಿದ್ದರೆ ದಂಟನ್ನು ಬೇಗ ಕತ್ತರಿಸಿ.

ತಳಿಯ ಲಕ್ಷಣ ನೋಡಬೇಕಾದದ್ದು ಬಿಸಿಲಲ್ಲಿ ಬೆಳೆದ ಬೇಸಿಗೆ ಎಲೆಯಲ್ಲಿ, ಪೂರ್ತಿ ಬಿಚ್ಚಿದ ಬೋನಿನಲ್ಲಿ. ನಾನು ಹಲ್ಲಿನಿಂದ ಶುರು ಮಾಡುತ್ತೇನೆ, ಬಣ್ಣಕ್ಕಿಂತ ಅದು ನಂಬಿಕಸ್ಥ. ಸಾಮಾನ್ಯ ಗಿಡದ ಹಲ್ಲು ರೆಪ್ಪೆಗೂದಲಿನಂತೆ ಉದ್ದ. ‘ಡೆಂಟೆ’ಯಲ್ಲಿ ಗಿಡ್ಡ ತ್ರಿಕೋನ. ‘ಸಾಟೂತ್’ನಲ್ಲಿ ಅಂಚೇ ಕತ್ತರಿಸಿದ ಕುಚ್ಚಿನ ಹಾಗೆ. ‘ರೆಡ್ ಪಿರಾನಾ’ ಅಂದರೆ ಗಿಡ್ಡ ಹಲ್ಲು, ಜೊತೆಗೆ ಕೆಂಪು ಮೈ. ‘ಫ್ಯೂಸ್ಡ್ ಟೂತ್’ನಲ್ಲಿ ಪಕ್ಕದ ಹಲ್ಲುಗಳು ಒಂದಕ್ಕೊಂದು ಅಂಟಿರುತ್ತವೆ, ಆದರೆ ಎಲ್ಲ ಬೋನುಗಳಲ್ಲೂ ಅಲ್ಲ. ಬಣ್ಣಕ್ಕೆ ಬಂದರೆ, ‘ಜಸ್ಟಿನಾ ಡೇವಿಸ್’ ಎಷ್ಟು ಬಿಸಿಲು ಕೊಟ್ಟರೂ ಹಸಿರೇ. ಗಾತ್ರಕ್ಕೆ ‘ಬಿ 52’ ಹೆಸರುವಾಸಿ. ಅಳೆಯುವಾಗ ಕಾಗದದ ಪಟ್ಟಿಯನ್ನು ಹೊರಗಿನಿಂದ ಹಿಡಿಯಿರಿ. ಒಳಗಿನ ಕೂದಲನ್ನು ಸುಮಾರು 20 ಸೆಕೆಂಡಿನೊಳಗೆ ಎರಡು ಸಲ ಮುಟ್ಟಿದರೆ ಬೋನು ಮುಚ್ಚುತ್ತದೆ. ಒಂದೊಂದು ಬೋನಿಗೂ ಮುಚ್ಚುವ ಲೆಕ್ಕ ಕೆಲವೇ ಸಲ. ಸುಮ್ನೆ ಖರ್ಚು ಮಾಡಬೇಡಿ.

ಇಷ್ಟೆಲ್ಲ ನೋಡಿದ ಮೇಲೂ ಎಲೆ ಖಚಿತವಾಗಿ ಹೇಳುವುದು ಒಂದೇ: ಈ ಗಿಡ ಯಾವ ತಳಿ ಅಲ್ಲ ಅನ್ನುವುದು. ಉದ್ದ ಹಲ್ಲಿದ್ದರೆ ಡೆಂಟೆ ಅಲ್ಲ, ಅಷ್ಟು ಖಚಿತ. ಆದರೆ ಯಾವುದು ಅನ್ನುವುದನ್ನು ಹೇಳುವುದು ಗಿಡದ ವಂಶ. ನನ್ನ ಕೆಂಪು ಗಿಡವೇ ನೋಡಿ. ‘ರಾಯಲ್ ರೆಡ್’ ಕೂಡ ಹಾಗೆಯೇ ಪೂರ್ತಿ ಕೆಂಪು. ಚೀಟಿ ಕೈಬಿಟ್ಟವನು ನಾನು. ಹಾಗಾಗಿ ಇವತ್ತಿಗೂ ಅದರ ಕುಂಡದ ಮೇಲೆ ‘ಪೂರ್ತಿ ಕೆಂಪು, ಹೆಸರಿಲ್ಲ’ ಅಂತಲೇ ಬರೆದಿದ್ದೇನೆ.

ಗಿಡ ಹೆಚ್ಚಿಸುವಾಗಲೂ ಇದೇ ಎಚ್ಚರ. ಗಡ್ಡೆ ಬೇರ್ಪಡಿಸಿದರೆ, ಅಥವಾ ಬುಡದ ಬಿಳಿ ಭಾಗದ ಸಮೇತ ಎಲೆ ಎಳೆದು ಒದ್ದೆ ಪೀಟ್‌ನಲ್ಲಿ ನೆಟ್ಟರೆ, ಬರುವ ಮರಿ ತಾಯಿಯದೇ ತಳಿ. ಅದಕ್ಕೆ ತಾಯಿಯ ಹೆಸರು ಬರೆಯಬಹುದು. ಬೀಜದಿಂದ ಬಂದದ್ದಕ್ಕೆ ಬೇಡ, ಅಮ್ಮನಂತೆಯೇ ಕಂಡರೂ ಬೇಡ. ನನ್ನ ಚೀಟಿಗಳನ್ನು ಈಗ ಪೆನ್ಸಿಲ್‌ನಲ್ಲಿ ಬರೆಯುತ್ತೇನೆ, ಬಿಸಿಲಿಗೆ ಅಳಿಸುವುದಿಲ್ಲ. ಇನ್ನೊಂದು ಪ್ರತಿ ಕುಂಡದ ಮಣ್ಣಿನೊಳಗೆ ಹೂತಿಡುತ್ತೇನೆ.