ಇಪ್ಪತ್ತು ಅಂಕಿಯ ಸಂಖ್ಯೆಯನ್ನು ಕಾಗದದ ಮೇಲೆ ಪರೀಕ್ಷಿಸುವುದು ಹೇಗೆ?

ಶಿರಸಿಯಲ್ಲಿ ಮಳೆ ಹಿಡಿಯಿತೆಂದರೆ ಮಕ್ಕಳು ಅಂಗಳಕ್ಕೂ ಇಳಿಯುವ ಹಾಗಿಲ್ಲ. ಆಗ ಜಗುಲಿಯಲ್ಲಿ ಕೂರಿಸಿ ನಾನು ಕೊಡುವ ಲೆಕ್ಕ ಇದು. ಚದುರಂಗದ ಮೊದಲ ಮನೆಗೆ ಒಂದು ಭತ್ತದ ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು. ಹೀಗೆ ದುಪ್ಪಟ್ಟು ಮಾಡುತ್ತಾ 64 ಮನೆ ತುಂಬಿದರೆ ಒಟ್ಟು ಕಾಳು 18446744073709551615. ಇದು ಯಾವ ಯಾವ ಸಂಖ್ಯೆಯಿಂದ ಭಾಗವಾಗುತ್ತದೆ? ಉದ್ದ ಭಾಗಾಕಾರ ಮಾಡದೆ ಹೇಳಬೇಕು.

1. ಬರೆದುಕೊಳ್ಳಿ. ಚೌಕದ ಗೆರೆಯ ಪುಸ್ತಕವೇ ಬೇಕು, ಪೆನ್ಸಿಲ್ಲೇ ಬೇಕು. ಒಂದು ಚೌಕಕ್ಕೆ ಒಂದೇ ಅಂಕಿ. ಎಕ್ಸೆಲ್‌ನಲ್ಲಿ ಹಾಕಬೇಡಿ. ಅದು 15 ಅಂಕಿ ಮಾತ್ರ ಉಳಿಸಿಕೊಂಡು ಕೊನೆಯ ಐದನ್ನು ಸೊನ್ನೆ ಮಾಡಿಬಿಡುತ್ತದೆ. ಅದನ್ನು ನಂಬಿ ‘10ರಿಂದ ಭಾಗವಾಗುತ್ತದೆ’ ಎಂದವರನ್ನು ನೋಡಿದ್ದೇನೆ.

2. ಸುಲಭದ್ದು ಮುಗಿಸಿ. ಕೊನೆಗೆ 5 ಇದೆ, ಹಾಗಾಗಿ 5ರಿಂದ ಭಾಗವಾಗುತ್ತದೆ. ಅಂಕಿಗಳನ್ನೆಲ್ಲ ಕೂಡಿದರೆ 87. ಅಂದರೆ 3ರಿಂದ ಹೋಗುತ್ತದೆ, 9ರಿಂದ ಇಲ್ಲ.

3. 7, 11, 13 ಒಟ್ಟಿಗೆ. ಎಲ್ಲರೂ ಎಡವುವುದು ಇಲ್ಲೇ. 7×11×13 ಅಂದರೆ 1001. ಸಾವಿರ ಅದಕ್ಕಿಂತ ಒಂದು ಕಡಿಮೆ, ಆದ್ದರಿಂದ ಸಾವಿರದ ಗುಂಪನ್ನು ಕಳೆಯಬೇಕು. ಹತ್ತು ಲಕ್ಷದಲ್ಲಿ ಒಂದು ತೆಗೆದರೆ 999999, ಅದು ಸರಿಯಾಗಿ 999×1001. ಆದ್ದರಿಂದ ಆ ಗುಂಪನ್ನು ಕೂಡಬೇಕು. ಮುಂದಿನದನ್ನು ಕಳೆಯುವುದು, ಅದರ ಮುಂದಿನದನ್ನು ಕೂಡುವುದು.

ಗುಂಪಿಗೆ ಮೂರು ಅಂಕಿ. ಆದರೆ ನಮ್ಮ ಕೈಗೆ ಲಕ್ಷ-ಕೋಟಿಯ ಅಭ್ಯಾಸ ಅಲ್ವಾ? ಅಡಿಕೆ ಪಟ್ಟಿ ನೋಡಿ ಬೆಳೆದವರು 1,84,46,74,40,73,70,95,51,615 ಎಂದು ಅಲ್ಪವಿರಾಮ ಹಾಕಿ, ಅದೇ ಗುಂಪುಗಳನ್ನು ಕೂಡಿ ಕಳೆಯಲು ಹೋಗುತ್ತಾರೆ. ಪೂರ್ತಿ ತಪ್ಪು. ಅಲ್ಪವಿರಾಮ ಎಲ್ಲಾ ಅಳಿಸಿ. ಬಲಗಡೆಯಿಂದ ಮೂರು ಮೂರು ಎಣಿಸಿ ಗೆರೆ ಎಳೆಯಿರಿ:

18 | 446 | 744 | 073 | 709 | 551 | 615

ಎಡದಿಂದ ಶುರು ಮಾಡಿದರೆ ಬಲ ತುದಿಯಲ್ಲಿ ಎರಡೇ ಅಂಕಿ ಉಳಿದು ಗುಂಪುಗಳೆಲ್ಲ ಬದಲಾಗುತ್ತವೆ. ಇನ್ನೊಂದು ಗುಂಡಿ ಆ 073. ಸೊನ್ನೆ ದಂಡ ಎಂದು ಬಿಟ್ಟು ಪಕ್ಕದ 4 ಎಳೆದುಕೊಂಡು 473 ಮಾಡುವವರಿದ್ದಾರೆ. ಸೊನ್ನೆಗೂ ಅದರ ಚೌಕ ಬೇಕು.

ಒಂದು ಕೂಡಿ ಒಂದು ಕಳೆಯುತ್ತಾ ಹೋಗಬೇಡಿ, ಚಿಹ್ನೆ ತಪ್ಪುತ್ತದೆ. ಬಲದಿಂದ ಮೊದಲ, ಮೂರನೆಯ, ಐದನೆಯ, ಏಳನೆಯ ಗುಂಪು ಒಂದು ಕಡೆ: 615+709+744+18 = 2086. ಉಳಿದವು ಇನ್ನೊಂದು ಕಡೆ: 551+73+446 = 1070. ವ್ಯತ್ಯಾಸ 1016. ಅದರಲ್ಲಿ 1001 ಕಳೆದರೆ 15. ಈ 15ಕ್ಕೆ 7ರಿಂದ ಶೇಷ 1, 11ರಿಂದ 4, 13ರಿಂದ 2. ಇಡೀ ಸಂಖ್ಯೆಗೂ ಅವೇ ಶೇಷ. 7, 11, 13 ಯಾವುದರಿಂದಲೂ ಭಾಗವಾಗುವುದಿಲ್ಲ.

4. ಒಡೆಯಿರಿ. ಕಾಳಿಗೆ ಇನ್ನೊಂದು ಸೇರಿಸಿದರೆ 4294967296ರ ವರ್ಗ. ಹಾಗಾಗಿ ನಮ್ಮ ಸಂಖ್ಯೆ 4294967295×4294967297. ಮೊದಲನೆಯದು ಅದೇ ಉಪಾಯದಿಂದ 65535×65537 ಆಗುತ್ತದೆ, 65535 ಮತ್ತೆ 255×257. ಕೊನೆಗೆ 3, 5, 17, 257, 65537. ಎರಡನೆಯದನ್ನು, ಅಂದರೆ 4294967297 ಅನ್ನು, ಫ್ರೆಂಚ್ ಗಣಿತಜ್ಞ ಫರ್ಮಾ ಅವಿಭಾಜ್ಯ ಎಂದುಕೊಂಡಿದ್ದ. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಅದು 641×6700417 ಎಂದು ತೋರಿಸಿದ. ನನಗೆ ಈ ಲೆಕ್ಕದಲ್ಲಿ ಅತಿ ಇಷ್ಟದ ಜಾಗ ಇದೇ. ಒಬ್ಬ ಹುಡುಗನಿಂದಾದರೂ ಈ ಗುಣಾಕಾರ ಕೈಯಲ್ಲೇ ಮಾಡಿಸಿ.

5. ತಾಳೆ ನೋಡಿ. ಆ ಎರಡು ಹತ್ತಂಕಿ ಸಂಖ್ಯೆಗಳಿಗೂ ಮೂರನೇ ಹಂತವನ್ನೇ ಮಾಡಿ. ಮೊದಲನೆಯದಕ್ಕೆ −382 ಬರುತ್ತದೆ. ಋಣ ಬಂದರೆ ಹೆದರಬೇಡಿ, 1001 ಕೂಡಿದರೆ 619. ಇನ್ನೊಂದಕ್ಕೆ 621. ಎರಡನ್ನೂ ಗುಣಿಸಿದರೆ 384399. ಇದನ್ನು 384 | 399 ಎಂದು ಒಡೆದು, 399ರಲ್ಲಿ 384 ಕಳೆಯಿರಿ. 15 ಬಂತಾ?