ಬಾವಿ ನೀರಿನ ಗಂಧಕದ ವಾಸನೆ: ಮೂಲ ಪತ್ತೆ ಮತ್ತು ಪರಿಹಾರ

ಬಾವಿಯ ನೀರಿಗೆ ಕೊಳೆತ ಮೊಟ್ಟೆಯ ವಾಸನೆ ತರುವುದು ಹೈಡ್ರೋಜನ್ ಸಲ್ಫೈಡ್ ಅನಿಲ; ಆಮ್ಲಜನಕವಿಲ್ಲದೆಡೆ ಬದುಕುವ ಕೆಲವು ಬ್ಯಾಕ್ಟೀರಿಯಾಗಳು ನೀರಿನಲ್ಲಿ ಕರಗಿರುವ ಸಲ್ಫೇಟನ್ನು ಬಳಸಿಕೊಂಡು ಇದನ್ನು ಹೊರಬಿಡುತ್ತವೆ. ಫಿಲ್ಟರ್ ಕೊಳ್ಳಲು ಅವಸರಪಡುವ ಮೊದಲು ವಾಸನೆಯ ಮೂಲವನ್ನು ಪತ್ತೆಹಚ್ಚಬೇಕು.

ಮೂಗು ಈ ವಾಸನೆಗೆ ಬೇಗ ಒಗ್ಗಿಹೋಗುವುದರಿಂದ, ಕೆಲವು ಗಂಟೆ ಹೊರಗಿದ್ದು ಮನೆಗೆ ಮರಳಿದ ಕೂಡಲೇ ತಣ್ಣೀರು ಮತ್ತು ಬಿಸಿನೀರಿನ ನಲ್ಲಿಗಳನ್ನು ಒಂದೊಂದಾಗಿ ತಿರುಗಿಸಿ, ಲೋಟಕ್ಕೆ ಹಿಡಿದು ಮೂಸಿ ನೋಡಿ. ಬಿಸಿನೀರಿನಲ್ಲಿ ಮಾತ್ರ ವಾಸನೆಯಿದ್ದರೆ ಬಾವಿಯನ್ನು ದೂರಿ ಫಲವಿಲ್ಲ. ಗೀಸರ್ ತೊಟ್ಟಿಯೊಳಗಿದ್ದು ಅದಕ್ಕೆ ತುಕ್ಕು ಹಿಡಿಯದಂತೆ ಕಾಯುವ ಮೆಗ್ನೀಸಿಯಂ ಆನೋಡ್ ಸರಳು ಬಹುತೇಕ ಕಾರಣವಾಗಿರುತ್ತದೆ, ತಂತ್ರಜ್ಞರಿಂದ ಅದನ್ನು ಬೇರೆ ಬಗೆಯ ಸರಳಿಗೆ ಬದಲಾಯಿಸಿಕೊಳ್ಳಬಹುದು. ಎರಡರಲ್ಲೂ ಇದ್ದು, ನೀರು ಹರಿದಂತೆ ವಾಸನೆ ಇಳಿದರೆ ಬ್ಯಾಕ್ಟೀರಿಯಾ ಬಾವಿಯಲ್ಲೋ ಪೈಪುಗಳಲ್ಲೋ ನೆಲೆಸಿರುವ ಸಾಧ್ಯತೆ ಹೆಚ್ಚು; ಎಷ್ಟು ಹರಿಸಿದರೂ ಇಳಿಯದಿದ್ದರೆ ಅನಿಲವು ಅಂತರ್ಜಲದಲ್ಲಿಯೇ ಇರಬಹುದು.

ಬ್ಯಾಕ್ಟೀರಿಯಾಕ್ಕೆ ಮದ್ದು ಕ್ಲೋರಿನೀಕರಣ. ಸುಗಂಧ ಬೆರೆಸದ ಬ್ಲೀಚನ್ನು ಬಾವಿಯ ನೀರಿನ ಪ್ರಮಾಣಕ್ಕೆ ತಕ್ಕಂತೆ ಹಾಕಿ, ಪ್ರತಿ ನಲ್ಲಿಯಲ್ಲೂ ಕ್ಲೋರಿನ್ ವಾಸನೆ ಬರುವವರೆಗೆ ನೀರು ಹರಿಸಿ, 12ರಿಂದ 24 ಗಂಟೆ ಹಾಗೆಯೇ ಬಿಡಿ. ಆ ಅವಧಿಯಲ್ಲಿ ನೀರನ್ನು ಕುಡಿಯಬಾರದು, ಬ್ಲೀಚಿಗೆ ಆಮ್ಲವನ್ನಾಗಲಿ ಅಮೋನಿಯವನ್ನಾಗಲಿ ಎಂದಿಗೂ ಬೆರೆಸಬಾರದು. ಬಳಿಕ ಆ ನೀರನ್ನು ಶೌಚಗುಂಡಿಗೂ ಗಿಡಗಳಿಗೂ ಹೋಗದಂತೆ ಹೊರಹರಿಸಿ. ಒಂದೆರಡು ವಾರಗಳ ನಂತರ ಕೋಲಿಫಾರ್ಮ್ (ನೀರು ಕಲುಷಿತವಾಗಿರಬಹುದೆಂದು ಸೂಚಿಸುವ ಬ್ಯಾಕ್ಟೀರಿಯಾ) ಪರೀಕ್ಷೆ ಮಾಡಿಸಿ, ಏಕೆಂದರೆ ವಾಸನೆ ಹೋದ ಮಾತ್ರಕ್ಕೆ ನೀರು ಕುಡಿಯಲು ಯೋಗ್ಯವೆಂದು ಹೇಳಲಾಗದು.

ಅನಿಲ ಅಂತರ್ಜಲದಲ್ಲೇ ಇದ್ದರೆ ಒಮ್ಮೆಯ ಕ್ಲೋರಿನ್ ಸಾಲದು. ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆಯಿದ್ದಾಗ ಸಕ್ರಿಯ ಇದ್ದಿಲಿನ ಫಿಲ್ಟರ್ ಸಾಕಾಗಬಹುದು. ಹೆಚ್ಚಿದ್ದರೆ ನೀರಿಗೆ ಗಾಳಿಯಾಡಿಸುವ ಅಥವಾ ನಿರಂತರವಾಗಿ ಕ್ಲೋರಿನ್ ಸೇರಿಸಿ ಸೋಸುವ ವ್ಯವಸ್ಥೆ ಬೇಕು. ಈ ಅನಿಲ ಬೇಗನೆ ಹಾರಿಹೋಗುವುದರಿಂದ ಅಳತೆಯನ್ನು ಬಾವಿಯ ಬಳಿಯಲ್ಲೇ ಮಾಡಿಸುವುದು ಒಳಿತು.